ಲೈಸೆನ್ಸ್ ಬೇರೆ, ಮೆಡಿಕಲ್ ಬೇರೆ: ಮಾವ ಎರಡು ವರ್ಷ ಸುತ್ತಿ ಹೋದ ಕಥೆ

(1/9)

ಫೋಟೋದಲ್ಲಿರೋರು ನನ್ನ ಸೋದರಮಾವ. ಹಿಂದೆ ನಿಂತಿರೋ ವಿಮಾನ ಪ್ರದರ್ಶನಕ್ಕೆ ಇಟ್ಟಿದ್ದಲ್ಲ, ನಿಜವಾಗ್ಲೂ ಹಾರುತ್ತೆ. ಎರಡೇ ಸೀಟು, ಒಂದೇ ಎಂಜಿನ್. ಮೂರು ಜನ ಸ್ನೇಹಿತರು ಸೇರಿ ಕೊಂಡಿದ್ದು, ಖರ್ಚೂ ಮೂರು ಪಾಲು. (ಪಾರ್ಟ್‌ನರ್‌ಶಿಪ್ ಅಕೌಂಟ್ಸ್ ನೆನಪಾಯ್ತಾ? ನಂಗೂ.)

ಮಾವ ಹಾಸನ ಬಿಟ್ಟು ಕ್ಯಾಲಿಫೋರ್ನಿಯಾಗೆ ಹೋಗಿ ಮೂವತ್ತು ವರ್ಷ ಆಯ್ತು. ಅಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಾ, ಶನಿವಾರ ಭಾನುವಾರ ಕಲಿತು ಪ್ರೈವೇಟ್ ಪೈಲಟ್ ಆದ್ರು. ವಿಮಾನ ಇರೋದು ಸ್ಯಾನ್ ಹೋಸೆಯ ದಕ್ಷಿಣಕ್ಕಿರೋ ಸ್ಯಾನ್ ಮಾರ್ಟಿನ್ ಅನ್ನೋ ಚಿಕ್ಕ ಏರ್‌ಪೋರ್ಟಲ್ಲಿ. ಮಗಳು ಮದುವೆಯಾಗಿ ಇರೋದು ಲಿವರ್‌ಮೋರ್‌ನಲ್ಲಿ. ಆ ಊರಲ್ಲೂ ಏರ್‌ಪೋರ್ಟ್ ಇದೆ. ಹಾರಿದ್ರೆ ಅರ್ಧ ಗಂಟೆ ದಾರಿ.

ಆದ್ರೆ ಮಾವ ಎರಡು ವರ್ಷ ಲಿವರ್‌ಮೋರ್‌ನಲ್ಲಿ ಇಳೀಲೇ ಇಲ್ಲ. ಅದನ್ನ ದೂರದಿಂದ ಸುತ್ತಿ ಆಚೆ ಕಡೆ ಬೈರನ್ ಅನ್ನೋ ಏರ್‌ಪೋರ್ಟಲ್ಲಿ ಇಳಿಯೋರು. ಮಗಳು ಕೈಗೂಸನ್ನ ಕಾರಲ್ಲಿ ಕೂರಿಸ್ಕೊಂಡು ಅಲ್ಲಿಗೆ ಬಂದು ಅಪ್ಪನ್ನ ಕರ್ಕೊಂಡು ಹೋಗೋಳು. ಸಂಜೆ ಮತ್ತೆ ಅಲ್ಲಿಗೇ ತಂದು ಬಿಡೋಳು, ಯಾಕಂದ್ರೆ ಕತ್ತಲಾಗೋದ್ರೊಳಗೆ ಮಾವ ವಾಪಸ್ ಇಳಿದಿರಬೇಕು.

ವಿಡಿಯೋ ಕಾಲಲ್ಲಿ ಕೇಳಿದೆ, "ಯಾಕೆ ಮಾವ, ನೇರ ಅಲ್ಲೇ ಇಳೀಬಾರ್ದಾ?"

"ಅಲ್ಲಿ ಟವರ್ ಇದೆ ಕಣೇ ಪುಟ್ಟಿ. ನಂಗೀಗ ಟವರ್ ಇರೋ ಕಡೆ ಹೋಗೋ ಹಾಗಿಲ್ಲ. ಮೆಡಿಕಲ್ ಮುಗಿದಿದೆಯಲ್ಲ, ಈಗ ನಾನು ಸ್ಪೋರ್ಟ್ ಪೈಲಟ್ ಲೆಕ್ಕ."

ಇದನ್ನ ಮಾವನಿಗೆ ಹೇಳಿದ್ದು ಅಲ್ಲಿಯ ಹಳೇ ಪೈಲಟ್ ಒಬ್ಬರು. ಮಾವ ನಂಬಿದ್ರು. ನಾನೂ ನಂಬಿದೆ. ಆಮೇಲೆ ಕಂಪನಿ ಲಾ ಇಂಟರ್ನಲ್ಸ್‌ಗೆ ಓದೋಕೆ ಮನಸ್ಸಿಲ್ಲದ ಒಂದು ರಾತ್ರಿ, ಆ ನಿಯಮವನ್ನೇ ತೆಗೆದು ಓದಿದೆ. ಮಾವನಿಗೆ ಹೇಳಿದ್ದು ತಪ್ಪು. ಯಾಕೆ ತಪ್ಪು, ಮತ್ತೆ ಆ ನಿಯಮ ಯಾಕೆ ಸರಿಯಾಗಿದೆ ಅಂತ ನಂಗೆ ಅನ್ಸುತ್ತೆ, ಅದೇ ಈ ಸೀರೀಸ್. ವಿಮಾನದ ಗಂಧಗಾಳಿ ಇಲ್ಲದೋರೂ ಓದಬಹುದು. ಕೊನೆಗೆ ನಮ್ಮ ಕಾಲೇಜಿಗೇ ಬರ್ತೀನಿ.

(2/9)

ಮೊದಲು ಎರಡು ಕಾಗದಗಳನ್ನ ಬೇರೆ ಬೇರೆ ಇಟ್ಕೊಳ್ಳಿ. ಗೊಂದಲ ಶುರುವಾಗೋದೇ ಇವೆರಡನ್ನ ಒಂದು ಮಾಡಿದಾಗ.

ಒಂದನೇ ಕಾಗದ ಪೈಲಟ್ ಸರ್ಟಿಫಿಕೇಟ್. ನಾವು ಲೈಸೆನ್ಸ್ ಅಂತೀವಿ. ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಆಗಬೇಕಂದ್ರೆ ಕನಿಷ್ಠ 40 ಗಂಟೆ ಹಾರಾಟ, ಒಂದು ಬರವಣಿಗೆ ಪರೀಕ್ಷೆ, ಆಮೇಲೆ ಪರೀಕ್ಷಕರ ಜೊತೆ ಮೌಖಿಕ ಮತ್ತು ಹಾರಾಟದ ಪರೀಕ್ಷೆ. ಪಾಸಾದ್ರೆ ಸರ್ಟಿಫಿಕೇಟ್ ನಿಮ್ಮದು. ಅದಕ್ಕೆ ಎಕ್ಸ್‌ಪೈರಿ ಡೇಟ್ ಇಲ್ಲ. ನಮ್ಮ ಪಿಯು ಮಾರ್ಕ್ಸ್ ಕಾರ್ಡ್ ಥರ, ಒಂದ್ಸಲ ಬಂತು ಅಂದ್ರೆ ಬಂತು. ಆದ್ರೆ 24 ತಿಂಗಳಿಗೊಮ್ಮೆ ಇನ್‌ಸ್ಟ್ರಕ್ಟರ್ ಜೊತೆ ಕೂತು ಫ್ಲೈಟ್ ರಿವ್ಯೂ ಮಾಡಿಸ್ಕೋಬೇಕು.

ಎರಡನೇ ಕಾಗದ ಮೆಡಿಕಲ್. ವಿಮಾನಯಾನ ಇಲಾಖೆ, ಅಂದ್ರೆ ಎಫ್‌ಎಎ, ನೇಮಿಸಿದ ಡಾಕ್ಟರು ಪರೀಕ್ಷೆ ಮಾಡಿ ಕೊಡೋದು. ಇದಕ್ಕೆ ಎಕ್ಸ್‌ಪೈರಿ ಇದೆ. ಪ್ರೈವೇಟ್ ಪೈಲಟ್‌ಗೆ ಬೇಕಾದ ಮೂರನೇ ದರ್ಜೆಯ ಮೆಡಿಕಲ್, 40 ವರ್ಷ ತುಂಬದೋರಿಗೆ 60 ತಿಂಗಳು ನಡೆಯುತ್ತೆ. 40 ದಾಟಿದೋರಿಗೆ 24 ತಿಂಗಳು.

2004ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸದೊಂದು ಬಾಗಿಲು ತೆಗೀತು. ಅದೇ ಸ್ಪೋರ್ಟ್ ಪೈಲಟ್. ಕನಿಷ್ಠ 20 ಗಂಟೆ ತರಬೇತಿ ಸಾಕು, ಮೆಡಿಕಲ್ ಬದಲು ಅಲ್ಲಿಯ ಕಾರ್ ಡ್ರೈವಿಂಗ್ ಲೈಸೆನ್ಸ್ ಸಾಕು. ಆದ್ರೆ ಚಿಕ್ಕ ವಿಮಾನ ಮಾತ್ರ. ಆಗಿನ ಮಿತಿ ಎರಡು ಸೀಟು, ಒಟ್ಟು ತೂಕ 600 ಕೆಜಿ.

ಇದೇ ಬಾಗಿಲಲ್ಲಿ ಇನ್ನೊಂದು ಗುಂಪಿಗೂ ಜಾಗ ಸಿಕ್ತು. ದೊಡ್ಡ ಸರ್ಟಿಫಿಕೇಟ್ ಇದೆ, ಮೆಡಿಕಲ್ ಮಾತ್ರ ಮುಗಿದಿದೆ ಅನ್ನೋರು. ಅವರು ಡ್ರೈವಿಂಗ್ ಲೈಸೆನ್ಸ್ ಇಟ್ಕೊಂಡು, ಸ್ಪೋರ್ಟ್ ಪೈಲಟ್‌ಗೆ ಇರೋ ಅಧಿಕಾರದಲ್ಲಿ ಚಿಕ್ಕ ವಿಮಾನ ಹಾರಿಸಬಹುದು. ನಮ್ಮ ಮಾವ ಈ ಗುಂಪು. 58 ದಾಟಿದ್ಮೇಲೆ ಬಿಪಿ ಮಾತ್ರೆ ಶುರುವಾಯ್ತು. ಮೆಡಿಕಲ್ ಮುಗಿದಾಗ "ಸಾಕು ಬಿಡು, ಚಿಕ್ಕದ್ರಲ್ಲೇ ಹಾರ್ತೀನಿ" ಅಂದ್ರು.

(ಇಲ್ಲಿಯೋರಿಗೆ ಒಂದು ಮಾತು. ಇದು ಅಮೆರಿಕದ ನಿಯಮ. ನಮ್ಮಲ್ಲಿ ಪೈಲಟ್ ಲೈಸೆನ್ಸ್‌ಗೆ ಡಿಜಿಸಿಎ ಮೆಡಿಕಲ್ ಬೇಕೇ ಬೇಕು. ಜಕ್ಕೂರಿಗೆ ಹೋಗಿ ಸ್ಕೂಟಿ ಡಿಎಲ್ ತೋರಿಸ್ಬೇಡಿ.)

(3/9)

ಇವತ್ತು ಆಕಾಶ. ಕೆಳಗಿಂದ ನೋಡಿದ್ರೆ ಎಲ್ಲಾ ಒಂದೇ ನೀಲಿ. ಮೇಲೆ ಹೋದ್ರೆ ಅದು ಹಾಸ್ಟೆಲ್ ಇದ್ದಂಗೆ: ಯಾವ ಬಾಗಿಲಿಗೆ ಯಾರನ್ನ ಕೇಳಬೇಕು ಅಂತ ಮೊದಲೇ ಬರೆದಿಟ್ಟಿದ್ದಾರೆ.

ಅಮೆರಿಕದಲ್ಲಿ ಎ, ಬಿ, ಸಿ, ಡಿ, ಇ, ಜಿ ಅಂತ ಆರು ಕ್ಲಾಸ್.

ಕ್ಲಾಸ್ ಎ: 18,000 ಅಡಿಯಿಂದ ಮೇಲೆ. ದೊಡ್ಡ ಜೆಟ್‌ಗಳ ಜಾಗ. ಮಾವನಂಥೋರು ಅತ್ತ ತಲೆ ಹಾಕೋ ಹಾಗೇ ಇಲ್ಲ.

ಕ್ಲಾಸ್ ಬಿ: ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್ ಥರದ ಭಾರೀ ಏರ್‌ಪೋರ್ಟ್ ಸುತ್ತ. ಮೆಟ್ಟಿಲನ್ನ ತಲೆಕೆಳಗೆ ಮಾಡಿಟ್ಟಂಗೆ ಇರುತ್ತೆ. ನೆಲದ ಹತ್ರ ಕಿರಿದು, ಮೇಲೆ ಹೋದಂಗೆ ಅಗಲ, ಸಾಮಾನ್ಯವಾಗಿ 10,000 ಅಡಿವರೆಗೆ. ಒಳಗೆ ಹೋಗೋಕೆ ಕಂಟ್ರೋಲರ್ ಸ್ಪಷ್ಟವಾಗಿ "ಅನುಮತಿ ಇದೆ, ಬನ್ನಿ" ಅನ್ನಬೇಕು. ವಾರ್ಡನ್ ಸಹಿ ಆಗಿರಬೇಕು ಅಂತಾರಲ್ಲ, ಹಂಗೆ.

ಕ್ಲಾಸ್ ಸಿ: ಮಧ್ಯಮ ಏರ್‌ಪೋರ್ಟ್‌ಗಳು. ಸ್ಯಾನ್ ಹೋಸೆ, ಮಾಂಟೆರೆ. ಏರ್‌ಪೋರ್ಟ್‌ನಿಂದ ಸುಮಾರು 4,000 ಅಡಿ ಎತ್ತರದವರೆಗೆ.

ಕ್ಲಾಸ್ ಡಿ: ಟವರ್ ಇರೋ ಚಿಕ್ಕ ಏರ್‌ಪೋರ್ಟ್‌ಗಳು. ಲಿವರ್‌ಮೋರ್, ಪಾಲೋ ಆಲ್ಟೋ. ಸಾಮಾನ್ಯವಾಗಿ 2,500 ಅಡಿವರೆಗೆ. ಸಿ ಮತ್ತು ಡಿಗೆ ವಾರ್ಡನ್ ಸಹಿ ಬೇಡ. ರೇಡಿಯೋದಲ್ಲಿ ಕರೀಬೇಕು, ಕಂಟ್ರೋಲರ್ ನಿಮ್ಮ ವಿಮಾನದ ನಂಬರ್ ಹೇಳಿ ಉತ್ತರಿಸಬೇಕು. ಗೇಟಲ್ಲಿರೋ ವಾಚ್‌ಮನ್ ನಿಮ್ಮ ಹೆಸರು ಹಿಡಿದು ಮಾತಾಡಿಸಿದ್ರೆ ಒಳಗೆ ಹೋಗಬಹುದು. "ಅಲ್ಲೇ ಹೊರಗಿರಿ" ಅಂದ್ರೆ ಹೊರಗೇ.

ಇ ಮತ್ತು ಜಿ: ಉಳಿದದ್ದು. ಹವಾಮಾನ ಚೆನ್ನಾಗಿದ್ದು ಕಣ್ಣಿಂದ ನೋಡ್ಕೊಂಡು ಹಾರೋರು ಇಲ್ಲಿ ಯಾರನ್ನೂ ಕೇಳಬೇಕಿಲ್ಲ. ಸ್ಯಾನ್ ಮಾರ್ಟಿನ್, ಬೈರನ್ ಎರಡರಲ್ಲೂ ಟವರ್ ಇಲ್ಲ. ಪೈಲಟ್‌ಗಳೇ ಒಂದು ರೇಡಿಯೋ ಫ್ರೀಕ್ವೆನ್ಸಿಯಲ್ಲಿ "ನಾನು ಇಲ್ಲಿದೀನಿ, ಇಳೀತಿದೀನಿ" ಅಂತ ಒಬ್ಬರಿಗೊಬ್ಬರು ಹೇಳ್ಕೋತಾರೆ.

ಈಗ ಮಾವನ ಮ್ಯಾಪ್ ನೋಡಿ. ಉತ್ತರಕ್ಕೆ ಸ್ಯಾನ್ ಹೋಸೆ, ದಕ್ಷಿಣಕ್ಕೆ ಸಮುದ್ರದ ಹತ್ರ ಮಾಂಟೆರೆ, ಆಚೆ ಪಾಲೋ ಆಲ್ಟೋ, ಮಗಳ ಮನೆಯ ಲಿವರ್‌ಮೋರ್. ಟವರ್ ಇರೋ ಕಡೆ ಹೋಗಬಾರದು ಅಂದ್ರೆ ಬೇ ಏರಿಯಾದಲ್ಲಿ ಅರ್ಧ ಬಾಗಿಲು ಮುಚ್ಚಿದಂಗೆ.

(4/9)

ನಿಯಮ ಓದೋ ದಿನ. ಬೋರ್ ಅನ್ಸಿದ್ರೂ ಇದನ್ನ ಸ್ಕಿಪ್ ಮಾಡ್ಬೇಡಿ, ಇಡೀ ಜಗಳ ಇರೋದು ಇಲ್ಲೇ.

ಅಮೆರಿಕದ ವಿಮಾನಯಾನ ನಿಯಮಾವಳಿಯ 61ನೇ ಭಾಗದಲ್ಲಿ ಸೆಕ್ಷನ್ 61.315 ಅಂತ ಇದೆ. ಸ್ಪೋರ್ಟ್ ಪೈಲಟ್ ಏನೇನು ಮಾಡಬಾರದು ಅನ್ನೋ ಪಟ್ಟಿ. ಅದರಲ್ಲಿ (ಸಿ)(7) ಏನು ಹೇಳುತ್ತೆ ಅಂದ್ರೆ: ಬಿ, ಸಿ, ಡಿ ಕ್ಲಾಸ್ ಒಳಗೂ, ಟವರ್ ಕೆಲಸ ಮಾಡ್ತಿರೋ ಏರ್‌ಪೋರ್ಟ್‌ಗೂ ಹೋಗಬಾರದು, 61.325ರಲ್ಲಿ ಹೇಳಿರೋ ತರಬೇತಿ ಪಡೆದು ಇನ್‌ಸ್ಟ್ರಕ್ಟರ್ ಹತ್ರ ಎಂಡಾರ್ಸ್‌ಮೆಂಟ್ ತಗೊಂಡಿದ್ರೆ ಹೋಗಬಹುದು. (ಚೆಕ್ ಹಿಂದೆ ಸಹಿ ಮಾಡೋ ಎಂಡಾರ್ಸ್‌ಮೆಂಟ್ ಅಲ್ಲ. ಲಾಗ್‌ಬುಕ್‌ನಲ್ಲಿ "ಇವರಿಗೆ ಇದನ್ನ ಕಲಿಸಿದೀನಿ" ಅಂತ ಇನ್‌ಸ್ಟ್ರಕ್ಟರ್ ಹಾಕೋ ಸಹಿ.)

ಮಾವನಿಗೆ ಬುದ್ಧಿ ಹೇಳಿದ ಹಿರಿಯರು ಓದಿದ್ದು ಇಷ್ಟೇ. "ನೀನು ಸ್ಪೋರ್ಟ್ ಪೈಲಟ್ ಥರ ಹಾರ್ತಿದೀಯ, ಇದು ಸ್ಪೋರ್ಟ್ ಪೈಲಟ್‌ಗೆ ಇರೋ ನಿಷೇಧ, ನಿನಗೂ ಅನ್ವಯ." ಕೇಳೋಕೆ ಸರಿಯಾಗೇ ಇದೆ.

ಆದ್ರೆ ಸ್ವಲ್ಪ ಹಿಂದೆ ಸೆಕ್ಷನ್ 61.303 ಇದೆ. ಅದು ಒಂದು ಟೇಬಲ್. ಎಡಗಡೆ ನಿಮ್ಮ ಹತ್ರ ಮೆಡಿಕಲ್ ಇದೆಯೋ, ಬರೀ ಡ್ರೈವಿಂಗ್ ಲೈಸೆನ್ಸ್ ಇದೆಯೋ. ಆಮೇಲೆ ನಿಮ್ಮದು ಯಾವ ಸರ್ಟಿಫಿಕೇಟ್. ಬಲಗಡೆ ನೀವೇನು ಪಾಲಿಸಬೇಕು. ಮಾವನ ಸಾಲು ಹುಡುಕಿ: ಬರೀ ಡ್ರೈವಿಂಗ್ ಲೈಸೆನ್ಸ್, ರಿಕ್ರಿಯೇಷನಲ್ ಪೈಲಟ್ ಅಥವಾ ಅದಕ್ಕಿಂತ ಮೇಲಿನ ಸರ್ಟಿಫಿಕೇಟ್, ಆ ಬಗೆಯ ವಿಮಾನಕ್ಕೆ ರೇಟಿಂಗ್ ಇದೆ. ಬಲಗಡೆ ಬರೆದಿರೋದರ ಅರ್ಥ ಇದು: 61.315ರ ಮಿತಿಗಳನ್ನೆಲ್ಲ ಪಾಲಿಸಿ, (ಸಿ)(14) ಒಂದನ್ನ ಬಿಟ್ಟು. ಪ್ರೈವೇಟ್ ಪೈಲಟ್ ಅಥವಾ ಅದಕ್ಕೂ ಮೇಲಿನೋರಾಗಿದ್ರೆ (ಸಿ)(7)ನ್ನೂ ಬಿಟ್ಟು.

(ಸಿ)(7)ನ್ನೂ ಬಿಟ್ಟು!

ರಾತ್ರಿ ಒಂದೂವರೆ ಗಂಟೆ. ಆ ಸಾಲನ್ನ ಮೂರು ಸಲ ಓದಿದೆ. ಅಮ್ಮ ಎದ್ದು ಬಂದು "ಇನ್ನೂ ಓದ್ತಿದೀಯಾ?" ಅಂತ ಸಂತೋಷಪಟ್ಟು ಹೋದ್ರು. ಕಂಪನಿ ಲಾ ಅಲ್ಲ ಅಂತ ಹೇಳೋಕೆ ಹೋಗ್ಲಿಲ್ಲ.

ಒಂದೇ ಮಾತಲ್ಲಿ: ಮಾವ ಪ್ರೈವೇಟ್ ಪೈಲಟ್. ಮೆಡಿಕಲ್ ಮುಗಿದಿದ್ರೂ, ಡ್ರೈವಿಂಗ್ ಲೈಸೆನ್ಸ್ ಮೇಲೆ ಹಾರ್ತಿದ್ರೂ, ಬಿ, ಸಿ, ಡಿಗೆ ಹೋಗೋಕೆ ಅವರಿಗೆ ಹೊಸ ಎಂಡಾರ್ಸ್‌ಮೆಂಟ್ ಬೇಕಿಲ್ಲ. ಎರಡು ವರ್ಷ ಬೈರನ್‌ಗೆ ಸುತ್ತಿದ್ದು ಬರೀ ಬಾಯಿಮಾತಿನ ನಿಯಮಕ್ಕೆ.

(5/9)

"ಹಂಗಾದ್ರೆ ಇದು ಮೇಲಿನೋರಿಗೆ ಕೊಟ್ಟ ರಿಯಾಯಿತಿ ತಾನೆ?" ಅಂತ ಕ್ಲಾಸಲ್ಲಿ ಒಬ್ಬಳು ಕೇಳಿದಳು. ಒಳ್ಳೆ ಪ್ರಶ್ನೆ. ನನ್ನ ಉತ್ತರ ಅಲ್ಲ ಅಂತ. ಕಾರಣ ಹೇಳ್ತೀನಿ.

61.325 ಕೇಳೋ ತರಬೇತಿಯಲ್ಲಿ ಏನಿದೆ ನೋಡಿ. ರೇಡಿಯೋ ಬಳಸೋದು, ನ್ಯಾವಿಗೇಷನ್, ರಾಡಾರ್ ಸೇವೆ, ಬಿ ಸಿ ಡಿ ಒಳಗಿನ ನಿಯಮ, ಕಂಟ್ರೋಲರ್ ಕೊಡೋ ಅನುಮತಿಗಳು. ಜೊತೆಗೆ ಟವರ್ ಇರೋ ಏರ್‌ಪೋರ್ಟಲ್ಲಿ ಮೂರು ಟೇಕಾಫ್, ಪೂರ್ತಿ ನಿಲ್ಲಿಸಿ ಮೂರು ಲ್ಯಾಂಡಿಂಗ್.

ಈಗ ಪ್ರೈವೇಟ್ ಪೈಲಟ್ ಆಗೋಕೆ ಬೇಕಾದ ಅನುಭವದ ಪಟ್ಟಿ ತೆಗೀರಿ, ಸೆಕ್ಷನ್ 61.109. ಒಬ್ಬರೇ ಹಾರೋ ಭಾಗದಲ್ಲಿ ಏನಿದೆ? ಟವರ್ ಇರೋ ಏರ್‌ಪೋರ್ಟಲ್ಲಿ ಮೂರು ಟೇಕಾಫ್, ಪೂರ್ತಿ ನಿಲ್ಲಿಸಿ ಮೂರು ಲ್ಯಾಂಡಿಂಗ್.

ಅದೇ ಮೂರು. ಮಾವ ಅದನ್ನ ವರ್ಷಗಳ ಹಿಂದೆಯೇ ಮಾಡಿದ್ದಾರೆ, ಅದೂ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇಲ್ಲದೆ. 20 ಗಂಟೆಯ ಸ್ಪೋರ್ಟ್ ಪೈಲಟ್‌ಗೆ ಟವರ್ ತರಬೇತಿ ಕಡ್ಡಾಯದ ಪಟ್ಟಿಯಲ್ಲಿ ಇಲ್ಲ, ಅದಕ್ಕೇ ಬೇಕಾದೋರು ಆಮೇಲೆ ಸೇರಿಸ್ಕೋತಾರೆ. ಅಂದ್ರೆ (ಸಿ)(7) ಕೇಳ್ತಿರೋದು "ನಿಮಗೆ ಟವರ್ ಜೊತೆ ಮಾತಾಡೋಕೆ ಬರುತ್ತಾ?" ಅಂತ ಮಾತ್ರ. ಬಿಪಿ ಎಷ್ಟಿದೆ ಅಂತ ಅಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿ ಇದೆ. ಅದೇ ಟೇಬಲ್ ಸಾಲಲ್ಲಿ ರಿಕ್ರಿಯೇಷನಲ್ ಪೈಲಟ್‌ಗೂ ಜಾಗ ಇದೆ, ಆದ್ರೆ (ಸಿ)(7)ರ ವಿನಾಯಿತಿ ಅವರಿಗಿಲ್ಲ. ಯಾಕೆ? ಅವರ ಮೂಲ ಸರ್ಟಿಫಿಕೇಟಲ್ಲೂ ಟವರ್ ಜಾಗಗಳಿಗೆ ಪ್ರತ್ಯೇಕ ತರಬೇತಿ, ಸಹಿ ಬೇಕು. ಮೇಲು ಕೀಳು ನೋಡಿ ಬರೆದಿದ್ರೆ ಇಬ್ಬರಿಗೂ ಒಂದೇ ವಿನಾಯಿತಿ ಕೊಡ್ತಿದ್ರು. ಕಲಿತದ್ದು ಏನು ಅಂತ ನೋಡಿ ಬರೆದಿದ್ದಾರೆ.

ನಿಮಗೆ ಇನ್ನೂ ಮಜಾ ಅನ್ಸೋದು ಇದು. ಅಮೆರಿಕದ ಭಾರೀ ಏರ್‌ಪೋರ್ಟ್‌ಗಳಲ್ಲಿ ಹನ್ನೆರಡರ ಒಂದು ಪಟ್ಟಿ ಇದೆ. ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್, ಅಟ್ಲಾಂಟಾ, ಷಿಕಾಗೋ ಒಹೇರ್, ನ್ಯೂಯಾರ್ಕ್‌ನ ಕೆನಡಿ, ಹೀಗೆ. ಅಲ್ಲಿ ಇಳಿಯೋಕೆ ಕನಿಷ್ಠ ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಸ್ಪೋರ್ಟ್ ಪೈಲಟ್ ಎಷ್ಟು ಎಂಡಾರ್ಸ್‌ಮೆಂಟ್ ತಂದ್ರೂ ಆಗಲ್ಲ. ಮಾವನಿಗೆ? ಸರ್ಟಿಫಿಕೇಟ್ ಪ್ರೈವೇಟೇ ಆಗಿರೋದ್ರಿಂದ ಕಾಗದದ ಮೇಲೆ ಅಡ್ಡಿಯಿಲ್ಲ. "ಹೋಗ್ತೀರಾ ಮಾವ?" ಅಂದೆ. "ಬೋಯಿಂಗ್ ಮಧ್ಯೆ ನನ್ನ ಸೈಕಲ್ ತಗೊಂಡು ಹೋಗ್ಲಾ?" ಅಂತ ನಕ್ಕರು.

(6/9)

ಈಗ ಎದುರು ವಾದ. ನನ್ನಪ್ಪನದೇ. "ಮೆಡಿಕಲ್ ಇಲ್ಲದೋರನ್ನ ಗಿಜಿಗಿಜಿ ಅನ್ನೋ ಜಾಗಕ್ಕೆ ಬಿಡೋದು ಸರೀನಾ? ತಲೆಸುತ್ತು ಬಂದ್ರೆ?"

ಅಪ್ಪಂಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ತಲೆಸುತ್ತು ಬೈರನ್ ಮೇಲೂ ಬರುತ್ತೆ, ಲಿವರ್‌ಮೋರ್ ಮೇಲೂ ಬರುತ್ತೆ. ಮ್ಯಾಪಲ್ಲಿ ಎಳೆದ ಗೆರೆ ಎದೆಗೆ ಗೊತ್ತಿರಲ್ಲ. ನಿಜ ಹೇಳ್ಬೇಕಂದ್ರೆ ಏನಾದ್ರೂ ಆದಾಗ ಟವರ್ ಇದ್ರೆ ನೋಡೋಕೆ ಒಬ್ಬರಾದ್ರೂ ಇರ್ತಾರೆ, ಸಹಾಯಕ್ಕೆ ಫೋನ್ ಮಾಡ್ತಾರೆ. ಯಾರೂ ಇಲ್ಲದ ರನ್‌ವೇಗೆ ಅಟ್ಟಿದ್ರೆ ಸುರಕ್ಷತೆ ಹೆಚ್ಚಾಗುತ್ತೆ ಅನ್ನೋದಕ್ಕೆ ಅರ್ಥ ಇಲ್ಲ.

ಮತ್ತೆ, ನಿಯಮ ದೇಹದ ಪ್ರಶ್ನೆಯನ್ನ ಮರೆತಿಲ್ಲ. ಅದಕ್ಕೆ ಬೇರೆ ಕಡೆ ಉತ್ತರ ಇಟ್ಟಿದೆ. (ಸಿ)(7) ಹೋದ್ರೂ ಮಾವನಿಗೆ ಉಳಿದಿರೋ ಮಿತಿ ನೋಡಿ:

ಒಬ್ಬರೇ ಪ್ರಯಾಣಿಕರು.
ರಾತ್ರಿ ಹಾರಾಟ ಇಲ್ಲ.
10,000 ಅಡಿ ಅಥವಾ ನೆಲದಿಂದ 2,000 ಅಡಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಮೇಲೆ ಇಲ್ಲ.
ಕನಿಷ್ಠ 3 ಮೈಲಿ, ಅಂದ್ರೆ ಹತ್ತಿರ ಹತ್ತಿರ 5 ಕಿ.ಮೀ. ದೂರ ಕಾಣ್ತಿರಬೇಕು, ನೆಲ ಕಣ್ಣಿಗೆ ಬೀಳ್ತಿರಬೇಕು.
ಹಣಕ್ಕಾಗಿ ಹಾರೋ ಹಾಗಿಲ್ಲ.

ಏನೋ ಆಯ್ತು ಅಂದ್ರೆ ಹಾನಿ ಚಿಕ್ಕದಿರ್ಲಿ ಅನ್ನೋ ಲೆಕ್ಕ.

ರಾತ್ರಿಯ ವಿಷಯ ಸ್ವಲ್ಪ ನೋಡಿ. ಪ್ರೈವೇಟ್ ಪೈಲಟ್ ರಾತ್ರಿ ಹಾರೋದನ್ನ ತರಬೇತಿಯಲ್ಲೇ ಕಲಿತಿರ್ತಾರೆ. ಆದ್ರೂ ಡ್ರೈವಿಂಗ್ ಲೈಸೆನ್ಸ್ ಮೇಲೆ ಹಾರುವಾಗ ರಾತ್ರಿ ಇಲ್ಲ. ಇಲ್ಲಿ ಕಲಿಕೆ ಲೆಕ್ಕಕ್ಕೆ ಬರ್ಲಿಲ್ಲ. 2025ರ ಜುಲೈನಲ್ಲಿ ಎಫ್‌ಎಎ ಮೊಸಾಯಿಕ್ ಅನ್ನೋ ದೊಡ್ಡ ಬದಲಾವಣೆ ಪ್ರಕಟಿಸಿತು, ಪೈಲಟ್‌ಗಳಿಗೆ ಸಂಬಂಧಪಟ್ಟ ಭಾಗ ಅಕ್ಟೋಬರ್ 22ರಿಂದ ಜಾರಿ. ಅದರಲ್ಲಿ ಸ್ಪೋರ್ಟ್ ಪೈಲಟ್‌ಗಳಿಗೆ ರಾತ್ರಿ ಬಾಗಿಲು ತೆರೀತು, ಆದ್ರೆ ತರಬೇತಿಯ ಸಹಿಯ ಜೊತೆ ಮೆಡಿಕಲ್ ಅಥವಾ ಬೇಸಿಕ್‌ಮೆಡ್ ಅನ್ನೋ ವೈದ್ಯರ ತಪಾಸಣೆ ಇರಲೇಬೇಕು. ರಾತ್ರಿಗೆ ಎರಡೂ ಪ್ರಶ್ನೆ, ಟವರ್‌ಗೆ ಒಂದೇ ಪ್ರಶ್ನೆ. ಬರೆದೋರಿಗೆ ವ್ಯತ್ಯಾಸ ಗೊತ್ತಿದೆ.

ಮೊಸಾಯಿಕ್‌ನಲ್ಲಿ 600 ಕೆಜಿ ತೂಕದ ಮಿತಿಯೂ ಹೋಯ್ತು. ಈಗ ವಿಮಾನ ಎಷ್ಟು ಕಡಿಮೆ ವೇಗದಲ್ಲೂ ಬೀಳದೆ ಹಾರಬಲ್ಲದು ಅನ್ನೋದೇ ಅಳತೆ. ನಾಲ್ಕು ಸೀಟಿನ ಸೆಸ್ನಾ 172 ಕೂಡ ಒಳಗೆ ಬರುತ್ತೆ, ಪ್ರಯಾಣಿಕರು ಮಾತ್ರ ಒಬ್ಬರೇ. ಅಂದ್ರೆ ಮಾವನಂಥೋರ ಸಂಖ್ಯೆ ಇನ್ನು ಜಾಸ್ತಿಯಾಗುತ್ತೆ. "ಟವರ್‌ಗೆ ಹೋಗಬಹುದಾ?" ಅನ್ನೋ ಪ್ರಶ್ನೆಯೂ.

(7/9)

"ಹೋಗಬಹುದು" ಅಂತ ಗೊತ್ತಾದ ತಕ್ಷಣ ಮಾವ ಹೊರಟ್ರಾ? ಇಲ್ಲ. ಅದಕ್ಕೇ ನಂಗೆ ಅವರ ಮೇಲೆ ಗೌರವ.

ಮೊದಲು ಅವರೇ ಆ ಟೇಬಲ್ ಓದಿದ್ರು. ಸೊಸೆ ಹೇಳಿದಳು ಅಂತ ನಂಬಲಿಲ್ಲ. ಸರಿಯಾಗೇ ಮಾಡಿದ್ರು, ಒಂದು ಸಲ ಬಾಯಿಮಾತು ನಂಬಿ ಕೆಟ್ಟಿದ್ದರಲ್ಲ. ಆಮೇಲೆ ತಮ್ಮ ಇನ್‌ಸ್ಟ್ರಕ್ಟರ್‌ಗೆ ತೋರಿಸಿದ್ರು.

ಎರಡನೇದು, ವಿಮಾನ. ವಿನಾಯಿತಿ ಸಿಕ್ಕಿರೋದು ಪೈಲಟ್‌ಗೆ, ವಿಮಾನಕ್ಕಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಥರದ ಕ್ಲಾಸ್ ಬಿ ಏರ್‌ಪೋರ್ಟ್‌ನ ಸುತ್ತ 30 ನಾಟಿಕಲ್ ಮೈಲಿ ಒಳಗೆ ಹಾರೋ ಬಹುಪಾಲು ವಿಮಾನಕ್ಕೆ ಟ್ರಾನ್ಸ್‌ಪಾಂಡರ್ ಬೇಕು. 2020ರ ಜನವರಿ 1ರಿಂದ ತಾನು ಎಲ್ಲಿದೀನಿ ಅಂತ ತಾನೇ ಹೇಳ್ತಿರೋ ಎಡಿಎಸ್-ಬಿ ಉಪಕರಣವೂ ಬೇಕು. ಲಿವರ್‌ಮೋರ್ ಆ ವೃತ್ತದ ಒಳಗೇ ಬರುತ್ತೆ. ಮಾವನ ವಿಮಾನದಲ್ಲಿ ಎರಡೂ ಇತ್ತು. ಇಲ್ಲದಿದ್ರೆ ಸರ್ಟಿಫಿಕೇಟ್ ಏನೇ ಇದ್ರೂ ಕಥೆ ಅಲ್ಲಿಗೇ ಮುಗೀತಿತ್ತು.

ಮೂರನೇದು, ನಾಲಿಗೆ. ಟವರ್ ಜೊತೆ ಮಾತಾಡಿ ಎರಡು ವರ್ಷ. ಕಂಟ್ರೋಲರ್ ಒಂದೇ ಉಸಿರಲ್ಲಿ ರನ್‌ವೇ ನಂಬರ್, ಎಷ್ಟನೇ ಸರದಿ, ಯಾವ ವಿಮಾನದ ಹಿಂದೆ, ಎಲ್ಲಾ ಹೇಳ್ತಾರೆ. ಅದನ್ನ ತಿರುಗಿ ಸರಿಯಾಗಿ ಒಪ್ಪಿಸಬೇಕು. ಮಾವ ಇನ್‌ಸ್ಟ್ರಕ್ಟರ್‌ನ ಕೂರಿಸ್ಕೊಂಡು ಒಂದು ಗಂಟೆ ಟವರ್ ಇರೋ ಕಡೆ ಅಭ್ಯಾಸ ಮಾಡಿದ್ರು. ನಿಯಮ ಕೇಳಿರಲಿಲ್ಲ. ಮೊದಲ ಸಲ ತಡವರಿಸಿದ್ರಂತೆ, ಕಂಟ್ರೋಲರ್ ಎರಡನೇ ಸಲ ನಿಧಾನವಾಗಿ ಹೇಳಿದರಂತೆ. "ವೈವಾ ಕೊಟ್ಟಂಗಾಯ್ತು ಕಣೇ" ಅಂದ್ರು.

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ನಿಯಮ ಕೇಳ್ತಿಲ್ಲ ಅನ್ನೋದು "ನಂಗೆ ಬರುತ್ತೆ" ಅನ್ನೋದಕ್ಕೆ ಸಾಕ್ಷಿ ಅಲ್ಲ. ಹತ್ತು ವರ್ಷದ ಹಿಂದೆ ಮೂರು ಸಲ ಟವರ್‌ಗೆ ಇಳಿದಿದ್ದೇ ಸಾಕು ಅಂತ ಕಾನೂನು ಅನ್ನಬಹುದು. ರನ್‌ವೇ ಮೇಲಿರೋ ಇನ್ನೊಂದು ವಿಮಾನಕ್ಕೆ ಅದು ಸಾಕಾಗಲ್ಲ. ಇದೇ ವಿನಾಯಿತಿಯ ಬಲಹೀನ ಜಾಗ. ಅದನ್ನ ತುಂಬೋಕೆ ಹೊಸ ನಿಷೇಧ ಬೇಕಾ? ಬೇಡ ಅಂತೀನಿ. 24 ತಿಂಗಳಿಗೊಮ್ಮೆ ಆಗೋ ಫ್ಲೈಟ್ ರಿವ್ಯೂನಲ್ಲಿ ಒಂದು ಸಲ ಟವರ್‌ಗೆ ಹೋಗಿ ಬಂದ್ರೆ ಆಯ್ತು.

(8/9)

ಇಷ್ಟೊತ್ತು ಹೊಗಳಿದೆ. ಇವತ್ತು ಬೈಯೋ ಸರದಿ.

ಡ್ರೈವಿಂಗ್ ಲೈಸೆನ್ಸ್ ದಾರಿಗೆ ಒಂದು ಷರತ್ತಿದೆ. ನಿಮ್ಮ ಮೆಡಿಕಲ್ ಸುಮ್ನೆ ಅವಧಿ ಮುಗಿದಿದ್ರೆ ಸರಿ, ಹಾರಬಹುದು. ಆದ್ರೆ ಕೊನೇ ಸಲ ಅರ್ಜಿ ಹಾಕಿದಾಗ ಎಫ್‌ಎಎ ಮೆಡಿಕಲ್ ನಿರಾಕರಿಸಿದ್ರೆ, ಅಥವಾ ಇದ್ದದ್ದನ್ನ ಅಮಾನತು ಮಾಡಿದ್ರೆ, ರದ್ದು ಮಾಡಿದ್ರೆ, ಡ್ರೈವಿಂಗ್ ಲೈಸೆನ್ಸ್ ದಾರಿಯೂ ಬಂದ್. ಟವರ್ ಇಲ್ಲದ ಬೈರನ್‌ಗೂ ಹೋಗೋ ಹಾಗಿಲ್ಲ.

ಇದರ ಪರಿಣಾಮ ಯೋಚ್ನೆ ಮಾಡಿ. ಇಬ್ಬರಿಗೂ ಒಂದೇ ಕಾಯಿಲೆ, ಒಂದೇ ಮಾತ್ರೆ. ಒಬ್ಬರು "ನೋಡೋಣ" ಅಂತ ಅರ್ಜಿ ಹಾಕಿ ಎಲ್ಲಾ ಸತ್ಯ ಬರೆದ್ರು, ನಿರಾಕರಣೆ ಆಯ್ತು. ಇನ್ನೊಬ್ಬರು ಅರ್ಜಿನೇ ಹಾಕ್ಲಿಲ್ಲ, ಅವಧಿ ಮುಗಿಯೋಕೆ ಬಿಟ್ರು. ಎರಡನೆಯೋರು ಭಾನುವಾರ ಹಾರ್ತಿದ್ದಾರೆ. ಮೊದಲನೆಯೋರು ಬೇಲಿ ಆಚೆ ನಿಂತು ನೋಡ್ತಿದ್ದಾರೆ. ಎರಡನೆಯೋರಿಗೂ ಒಂದು ಕಟ್ಟುಪಾಡು ಇದೆ. ಸುರಕ್ಷಿತವಾಗಿ ಹಾರಿಸೋಕೆ ಆಗದಂಥ ಕಾಯಿಲೆ ತನಗಿದೆ ಅಂತ ಗೊತ್ತಿದ್ರೆ ಹಾರಬಾರದು. ಆದ್ರೆ ಅದನ್ನ ಹಾರೋ ಮುಂಚೆ ನೋಡೋರು ಅವರೊಬ್ಬರೇ.

ಮಾವನೂ ಇದೇ ಲೆಕ್ಕ ಹಾಕಿದ್ರು ಅಂತ ನಂಗೆ ಆಮೇಲೆ ಗೊತ್ತಾಯ್ತು. "ರಿನ್ಯೂ ಮಾಡ್ಸೋಕೆ ಹೋಗಿ ಅವರು ಇಲ್ಲ ಅಂದ್ರೆ ಎಲ್ಲಾ ಹೋಗುತ್ತೆ ಅಂತ ಹೆದರಿದೆ" ಅಂತ ಒಪ್ಕೊಂಡ್ರು. ಮಾವನ್ನ ಇಲ್ಲಿ ಪೂರ್ತಿ ಸಮರ್ಥಿಸೋಕೆ ನನ್ನಿಂದ ಆಗಲ್ಲ. ಬಿಪಿ ಇರೋ ಮನುಷ್ಯ ಡಾಕ್ಟರ ಹತ್ರ ಹೋಗೋಕೆ ಹೆದರೋ ಥರ ಮಾಡೋ ನಿಯಮವನ್ನೂ ಸಮರ್ಥಿಸೋಕೆ ಆಗಲ್ಲ. ಕಲಿಕೆಯನ್ನೂ ದೇಹವನ್ನೂ ಅಷ್ಟು ಚೆನ್ನಾಗಿ ಬೇರೆ ಮಾಡಿ ನೋಡಿದ ಕಾನೂನು, ದೇಹದ ವಿಷಯಕ್ಕೆ ಬಂದಾಗ ನಿಜ ಹೇಳಿದೋರನ್ನೇ ಹೊರಗೆ ಹಾಕಿಬಿಡ್ತು.

ಡಿಎಂನಲ್ಲಿ ಒಬ್ಬರು ಕೇಳಿದ್ರು, "ಬೇಸಿಕ್‌ಮೆಡ್ ಇಲ್ವಾ?" ಇದೆ. 2017ರ ಮೇನಿಂದ. 2006ರ ಜುಲೈ 14ರ ನಂತರ ಯಾವಾಗಲಾದ್ರೂ ಮೆಡಿಕಲ್ ಇದ್ದೋರು, ನಾಲ್ಕು ವರ್ಷಕ್ಕೊಮ್ಮೆ ಲೈಸೆನ್ಸ್ ಇರೋ ಸಾಮಾನ್ಯ ಡಾಕ್ಟರ ಹತ್ರ ತಪಾಸಣೆ, ಎರಡು ವರ್ಷಕ್ಕೊಮ್ಮೆ ಆನ್‌ಲೈನ್ ಕೋರ್ಸ್ ಮಾಡಿದ್ರೆ ಪ್ರೈವೇಟ್ ಪೈಲಟ್ ಆಗೇ ಹಾರಬಹುದು. ರಾತ್ರಿಯೂ. ಅದಕ್ಕೂ ಕೊನೇ ಅರ್ಜಿ ನಿರಾಕರಣೆ ಆಗಿರಬಾರದು. ಮಾವನಿಗೆ ಈಗ ನಾನು, ಅಮ್ಮ, ಅವರ ಮಗಳು ಮೂರೂ ಜನ ಇದನ್ನೇ ಹೇಳ್ತಿದೀವಿ. "ನೋಡೋಣ" ಅಂದಿದ್ದಾರೆ. ಮಾವನ "ನೋಡೋಣ" ಅಂದ್ರೆ ಏನು ಅಂತ ನಮ್ಮನೆಯಲ್ಲಿ ಎಲ್ಲರಿಗೂ ಗೊತ್ತು. ಬಿಡಲ್ಲ.

(9/9)

ಕೊನೇ ಪೋಸ್ಟ್. ಕಾಲೇಜಿಗೆ ಬರ್ತೀನಿ ಅಂದಿದ್ನಲ್ಲ.

ನನ್ನ ಗೆಳತಿಯೊಬ್ಬಳಿಗೆ ಸೆಕೆಂಡ್ ಇಯರ್‌ನಲ್ಲಿ ಜಾಂಡೀಸ್ ಆಯ್ತು. ಒಂದು ಸೆಮಿಸ್ಟರ್ ಪೂರ್ತಿ ಹೋಯ್ತು. ವಾಪಸ್ ಬಂದಾಗ ಆಫೀಸಲ್ಲಿ ಯಾರೋ ಹೇಳಿದ್ರು, "ಗ್ಯಾಪ್ ಆಗಿದೆಯಲ್ಲಮ್ಮ, ಹಿಂದಿನ ಪೇಪರ್‌ಗಳನ್ನೂ ಮತ್ತೆ ಬರೀಬೇಕಾಗುತ್ತೆ." ನಾವೆಲ್ಲ ನಂಬಿದ್ವಿ. ಸೀನಿಯರ್‌ಗಳೂ ಹೌದು ಅಂದ್ರು. ಅವಳು ಕಾಲೇಜ್ ಬಿಡೋ ಯೋಚನೆಯಲ್ಲಿದ್ದಳು. ಮನೆಯಲ್ಲಿ ಅದಕ್ಕೆ ಒಪ್ಪಿಗೆಯೂ ಬಂದಿತ್ತು, ಅದೇ ಹೆದರಿಕೆಯಾಗಿದ್ದು.

ಕೊನೆಗೆ ಲೈಬ್ರರಿಯಲ್ಲಿ ನಿಯಮಾವಳಿ ಪುಸ್ತಕ ಹುಡುಕಿ ತೆಗೆದ್ವಿ. ಪಾಸಾದ ಪೇಪರ್ ಮತ್ತೆ ಬರೀಬೇಕು ಅಂತ ಎಲ್ಲೂ ಇರಲಿಲ್ಲ. ತಪ್ಪಿಹೋದ ಸೆಮಿಸ್ಟರ್ ಮಾತ್ರ ಮಾಡಬೇಕಿತ್ತು. ಅವಳೀಗ ನನ್ನ ಪಕ್ಕದ ಬೆಂಚು, ಕಾಸ್ಟಿಂಗ್‌ನಲ್ಲಿ ನನಗಿಂತ ಹೆಚ್ಚು ಮಾರ್ಕ್ಸ್.

ಮಾವನಿಗೆ ಆಗಿದ್ದೂ, ಅವಳಿಗೆ ಆಗಿದ್ದೂ ಒಂದೇ. ಮೈ ಹುಷಾರಿಲ್ಲ ಅನ್ನೋದನ್ನ ಜನ "ಕಲಿತದ್ದು ಲೆಕ್ಕಕ್ಕಿಲ್ಲ" ಅಂತ ಓದ್ಕೊಂಡ್ರು. ಬರೆದ ನಿಯಮ ಹಾಗೆ ಹೇಳಿರಲಿಲ್ಲ. ದೇಹ ಇವತ್ತು ಹೇಗಿದೆ ಅಂತ ಕೇಳೋದು ತಪ್ಪಲ್ಲ, ಕೇಳಲೇಬೇಕು. ಆದ್ರೆ ಅದನ್ನ ಕೇಳೋ ಜಾಗದಲ್ಲಿ ಕೇಳಿ. ಕಲಿತಿದ್ದನ್ನ ಅದರ ಜೊತೆ ಕಸಿದುಕೊಳ್ಳಬೇಡಿ.

ನಿಮಗೂ ಯಾರಾದ್ರೂ "ನಿಂಗೆ ಆಗಲ್ಲ, ರೂಲ್ ಇದೆ" ಅಂದ್ರೆ, ಯಾವ ರೂಲ್, ಯಾವ ಸೆಕ್ಷನ್ ಅಂತ ಕೇಳಿ. ಜಗಳ ಆಡ್ಬೇಡಿ, ಕೇಳಿ ಸಾಕು. ಸ್ಕಾಲರ್‌ಶಿಪ್ ಇರ್ಲಿ, ರೀವ್ಯಾಲ್ಯುಯೇಷನ್ ಇರ್ಲಿ, ಹಾಸ್ಟೆಲ್ ಸೀಟ್ ಇರ್ಲಿ. ಆಮೇಲೆ ನೀವೇ ಓದಿ. ಗೈಡ್ ಅಲ್ಲ, ಮೂಲ. "ಇದನ್ನು ಹೊರತುಪಡಿಸಿ" ಅನ್ನೋ ಮಾತು ಎಲ್ಲಿದೆ ಅಂತ ಹುಡುಕಿ. ಬಿಕಾಂ ಓದಿ ಏನು ಬಂತು ಅಂತ ಕೇಳೋರಿಗೆ ನನ್ನ ಹತ್ರ ಈಗ ಒಂದು ಉತ್ತರ ಇದೆ.

ಇವತ್ತಿನ ಫೋಟೋ ಲಿವರ್‌ಮೋರ್‌ದು. ತೆಗೆದಿದ್ದು ಮಾವನ ಮಗಳು, ಬೇಲಿ ಹೊರಗಿಂದ. ಮಗು ಅವಳ ಕಂಕುಳಲ್ಲಿತ್ತಂತೆ, ಅದಕ್ಕೇ ಸ್ವಲ್ಪ ಅಲುಗಾಡಿದೆ. ಅಲ್ಲಿ ಬಿಳೀ ಚುಕ್ಕೆ ಥರ ಕಾಣ್ತಿರೋದೇ ಮಾವ, ಇಳೀತಿದ್ದಾರೆ.

ನಿಮಗೆ ಯಾರಾದ್ರೂ ಇಲ್ಲದ ರೂಲ್ ಹೇಳಿ ಸುತ್ತಿಸಿದ್ರೆ ಕಾಮೆಂಟಲ್ಲಿ ಬರೀರಿ. ಹೆಸರು ಬೇಡ, ಕಥೆ ಸಾಕು.

#ಲೈಸೆನ್ಸ್‌ಬೇರೆಮೆಡಿಕಲ್‌ಬೇರೆ #ಮಾವನವಿಮಾನ #ರೂಲ್‌ಓದಿ #ಬಿಕಾಂಬದುಕು